ತಂತಿ ಕ್ಯಾಂಪಿನ ಎರಡು ರಿಜಿಸ್ಟರ್

"ಈ ಒಂದು ತಂತಿ ಮಾತ್ರ ತಾಳೆ ಆಗ್ತಿಲ್ಲ ಸರ್," ಎಂದು ವಿದ್ಯಾಶ್ರೀ ಹೂವಪ್ಪನವರ ಮನೆಯ ಜಗಲಿಯಲ್ಲಿ ಎರಡು ಹಳೆಯ ರಿಜಿಸ್ಟರುಗಳನ್ನು ಅಕ್ಕಪಕ್ಕ ತೆರೆದಿಟ್ಟಳು. ಒಂದು ಭದ್ರಾವತಿಯ ತಂತಿ ಕಚೇರಿಯದು. ಇನ್ನೊಂದು ಕಾಡಿನೊಳಗೆ ನಾಲ್ಕೇ ಮನೆಗಳಿದ್ದ ತಂತಿ ಕ್ಯಾಂಪಿನದು. ಶಿವಮೊಗ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಅವಳು ಆ ಕ್ಯಾಂಪಿನ ಚರಿತ್ರೆ ಬರೆಯುತ್ತಿದ್ದಳು.

ಅಲ್ಲಿ ಹನ್ನೆರಡು ವರ್ಷ ಒಬ್ಬರೇ ಆಪರೇಟರ್ ಆಗಿದ್ದ ಹೂವಪ್ಪ ಅವಳನ್ನೇ ದಿಟ್ಟಿಸಿದರು. "ನಿನ್ನನ್ನ ಕಳಿಸಿದ್ದು ಯಾರಮ್ಮ? ಪೆನ್ಶನ್ ಆಫೀಸಿನವರಾ?"

"ಯಾರೂ ಇಲ್ಲ ಸರ್. ಎಪ್ಪತ್ತನಾಲ್ಕು, ಮೇ ಹದಿಮೂರು. ಭದ್ರಾವತಿಯವರು ಬೆಳಿಗ್ಗೆ ಹತ್ತು ಹತ್ತಕ್ಕೆ ಕಳಿಸಿದ್ದಾರೆ. ನೀವು ಸಂಜೆ ನಾಲ್ಕು ಇಪ್ಪತ್ತಕ್ಕೆ ಬಂತು ಅಂತ ಬರೆದಿದ್ದೀರಿ."

ಹೂವಪ್ಪ ಸೊಪ್ಪು ಬಿಡಿಸುತ್ತಿದ್ದ ಹೆಂಡತಿಯ ಕಡೆ ತಿರುಗಿದರು. "ದುರ್ಗಿ, ಕಾಫಿ ತಾ ಹೋಗು."

"ಆಗ್ಲೇ ಎರಡು ಸಲ ಕುಡಿದ್ರಲ್ಲ ಮಾರಾಯ್ರೇ," ಎಂದ ದುರ್ಗಮ್ಮ ಕೂತಲ್ಲಿಂದ ಏಳಲಿಲ್ಲ.

"ಲೈನ್ ಹೋಗಿರ್ಬೇಕು," ಎಂದರು ಹೂವಪ್ಪ.

"ಹತ್ತು ಹದಿನೈದರ ತಂತಿ ಸರಿಯಾಗೇ ಬಂದಿದೆ. ಮತ್ತೆ ಇದಕ್ಕೂ ನೀವು ಆ ಕ್ಷಣವೇ 'ತಲುಪಿತು' ಅಂತ ಉತ್ತರ ಕೊಟ್ಟಿದ್ದೀರಿ. ಭದ್ರಾವತಿಯವರು ಬರೆದಿಟ್ಟಿದ್ದಾರೆ."

ತಂತಿ ಮುಗಿದ ಕ್ಷಣ ಆ ಸಂಜ್ಞೆ ಕುಟ್ಟುವುದು ಆಪರೇಟರನ ಬೆರಳಿಗೆ ಉಸಿರಾಟದಷ್ಟೇ ರೂಢಿ. ಹೂವಪ್ಪ ತಮ್ಮ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

"ಏನಿತ್ತಮ್ಮ ಅದ್ರಲ್ಲಿ?" ದುರ್ಗಮ್ಮ ಕೇಳಿದರು.

ಏನೂ ತಿಳಿಯದ ವಿದ್ಯಾಶ್ರೀ ಓದಿದಳು: "ಪರಶುರಾಮ ಸೀರಿಯಸ್. ಕೂಡಲೇ ಹೊರಟು ಬನ್ನಿ."

ಸೊಪ್ಪು ಬಿಡಿಸುತ್ತಿದ್ದ ದುರ್ಗಮ್ಮನವರ ಕೈ ನಿಂತಿತು. "ನಮ್ಮಣ್ಣ. ಜ್ವರ ಅಂತ ಭದ್ರಾವತೀಲೇ ಉಳಿದಿದ್ದ. ಅವತ್ತು ಕ್ಯಾಂಪಲ್ಲಿ ನಮ್ಮ ಮದುವೆ. ತಂತಿ ಸಿಕ್ಕಿ ನಾವು ಹೋಗೋಷ್ಟ್ರಲ್ಲಿ ಮುಗಿದಿತ್ತು. ಮೂರು ಗಂಟೆವರೆಗೂ ಬಾಗಿಲ ಕಡೆನೇ ನೋಡ್ತಿದ್ನಂತೆ."

ವಿದ್ಯಾಶ್ರೀ ರಿಜಿಸ್ಟರ್ ಮುಚ್ಚಲು ಹೋದಳು. ದುರ್ಗಮ್ಮ ಅವಳ ಕೈ ತಡೆದರು.

"ಮುಹೂರ್ತ ಹನ್ನೊಂದಕ್ಕಿತ್ತು ದುರ್ಗಿ," ಹೂವಪ್ಪನವರ ದನಿ ಕುಗ್ಗಿತು. "ಮದುವೆ ಪಂಚೆ ಉಟ್ಕೊಂಡೇ ಹತ್ತು ಗಂಟೆಯ ತಂತಿಗಳನ್ನ ತಗೊಳ್ತಿದ್ದೆ. ಅದನ್ನ ಆಗ್ಲೇ ಕೊಟ್ಟಿದ್ರೆ ನಿಮ್ಮಪ್ಪ ಮದುವೆ ನಿಲ್ಲಿಸ್ತಿದ್ರು. ಆಮೇಲೆ ಅಪಶಕುನ ಅಂತ ನಿನ್ನನ್ನ ನಂಗೆ ಕೊಡ್ತಿದ್ರಾ?"

ದುರ್ಗಮ್ಮ ಒಪ್ಪಿದವರಂತೆ ತಲೆಯಾಡಿಸಿದರು. ರಿಜಿಸ್ಟರಿನ ಆ ಸಾಲಿನ ಮೇಲೆ ಬೆರಳಿಟ್ಟರು.

"ತಾಳಿ ಕಟ್ಟಿದ್ದು ಹನ್ನೊಂದೂ ಕಾಲಿಗೆ. ನಮ್ಮ ದಿಬ್ಬಣ ಬಂದ ಲಾರಿ ಚಪ್ಪರದ ಮುಂದೇನೇ ನಿಂತಿತ್ತು. ಭದ್ರಾವತಿಗೆ ಎರಡು ಗಂಟೆ ದಾರಿ," ಎಂದರು. "ಅಲ್ಲಿಂದ ನಾಲ್ಕು ಇಪ್ಪತ್ತರವರೆಗೆ ಏನ್ ಮಾಡ್ತಿದ್ರಿ?"