ತೂಕ ಇಳಿಸುವ ಬ್ರೆಡ್ಡು

ಹಿಟ್ಟಕ್ಕ ಮತ್ತೆ ಏರಿದ್ದಳು.

ತೂಕದವನು ಮುಳ್ಳನ್ನು ಎರಡೆರಡು ಸಲ ನೋಡಿದ. ತಕ್ಕಡಿಯ ಹಲಗೆಯನ್ನು ಬೂಟಿನಿಂದ ಒದ್ದ. ಮುಳ್ಳು ಅತ್ತಿತ್ತ ತೂಗಾಡಿ ಮತ್ತೆ ಅಲ್ಲೇ ಬಂದು ನಿಂತಿತು. ಬ್ರೆಡ್ಡು ನಿಂತು ಎರಡು ತಿಂಗಳಾಗಿದೆ, ಹೆಂಗಸು ಒಂದೂವರೆ ಕಿಲೋ ಮೇಲೆ ಹೋಗಿದ್ದಾಳೆ.

"ಮನೇಲಿ ಕದ್ದು ಏನು ಮುಕ್ತಿದ್ದೀಯ?"

"ಗಾಳಿ, ತೂಕದಣ್ಣ. ಅದರಲ್ಲೂ ಪಿಷ್ಟ ಇದೆಯಂತಾ?"

ಸಾಲಿನಲ್ಲಿದ್ದವರು ಕಿಸಕ್ಕೆಂದರು.

ಅದು ಬ್ರೆಡ್ಡಿನ ಕಾರ್ಖಾನೆ. ನಲವತ್ತು ಜನ. ಬೆಳಿಗ್ಗೆ ಒಳಗೆ ಬರುವಾಗ ಒಮ್ಮೆ, ಸಂಜೆ ಹೊರಗೆ ಹೋಗುವಾಗ ಒಮ್ಮೆ ಎಲ್ಲರೂ ಗೇಟಿನ ತಕ್ಕಡಿ ಹತ್ತಲೇಬೇಕು. ಬೆಳಗಿನದಕ್ಕಿಂತ ಸಂಜೆ ಮುಳ್ಳು ಮುಂದೆ ಹೋದರೆ ಮೈ ತಡಕುವುದು, ಇಲ್ಲದಿದ್ದರೆ ಬಿಡುವುದು. ನಾಲಿಗೆ ಸುಳ್ಳಾಡೀತು, ಮುಳ್ಳು ಆಡದು ಎಂಬುದು ಧಣಿಗಳ ಮಾತು. ಇಪ್ಪತ್ತು ವರ್ಷದಿಂದ ತೂಕದವನು ಮುಳ್ಳು ನೋಡಿದ್ದನೇ ಹೊರತು ಯಾರ ಮುಖವನ್ನೂ ನೋಡಿದವನಲ್ಲ.

ಸಂಜೆ ತಕ್ಕಡಿ ಇಳಿದವರಿಗೆ ಗೇಟಿನಾಚೆ ತಲೆಗೊಂದು ಬ್ರೆಡ್ಡು ಸಿಗುತ್ತಿತ್ತು. ಧಣಿಗಳ ಅಪ್ಪನ ಕಾಲದ ಪದ್ಧತಿ. ಎಷ್ಟೋ ಮನೆಗಳ ರಾತ್ರಿಯೂಟ ಅದೇ. ಅಷ್ಟರಲ್ಲಿ ಧಣಿಗಳಿಗೆ ಹೊಟ್ಟೆ ಬಂತು. ಪಿಷ್ಟ ಬಿಡಿ, ತೂಕ ಇಳಿಯುತ್ತೆ ಎಂದರು ವೈದ್ಯರು. ಬ್ರೆಡ್ಡು, ಆಲೂಗೆಡ್ಡೆ, ಸಕ್ಕರೆ ಎಲ್ಲ ಬಂದ್. ಧಣಿಗಳು ಮೂರು ದಿನ ಬಿಟ್ಟರು. ನಾಲ್ಕನೆಯ ದಿನ ಹಸಿವಿನಲ್ಲಿ ಜ್ಞಾನೋದಯವಾಯಿತು. ಕಾರ್ಖಾನೆಯ ಅಂಗಳಕ್ಕೆ ಬಂದು, ಬೂಟಿಗೆ ಕೆಸರಾಗದಂತೆ ಸ್ಟೂಲು ಹತ್ತಿ ನಿಂತರು.

"ಬ್ರೆಡ್ಡು ವಿಷ. ನೀವು ನನ್ನ ಮಕ್ಕಳಿದ್ದ ಹಾಗೆ. ಮಕ್ಕಳಿಗೆ ವಿಷ ಕೊಡಲಾರೆ. ನಾಳೆಯಿಂದ ಇಲ್ಲ."

"ಮಾರೋದಕ್ಕೇನೂ ಅಡ್ಡಿ ಇಲ್ವಾ ಧಣೀ?" ಎಂದಳು ಹಿಟ್ಟಕ್ಕ.

"ಗಿರಾಕಿಗಳ ಆರೋಗ್ಯ ಗಿರಾಕಿಗಳಿಗೆ ಬಿಟ್ಟದ್ದು."

ನೂರು ದಿನದ ಪ್ರಯೋಗವೆಂದು ಅದಕ್ಕೆ ಹೆಸರಾಯಿತು. ಕೆಲಸಗಾರರ ತೂಕ ಇಳಿದರೆ ಬ್ರೆಡ್ಡು ಶಾಶ್ವತವಾಗಿ ನಿಲ್ಲುತ್ತದೆ. ನೂರನೆಯ ದಿನ ಬೇರೆ ಕಾರ್ಖಾನೆಗಳ ಮಾಲೀಕರೂ ಬಂದು ನೋಡಿ ಕಲಿಯುತ್ತಾರೆ. ಧಣಿಗಳು ತೂಕದವನನ್ನು ಪಕ್ಕಕ್ಕೆ ಕರೆದು, "ಅವರು ಇಳಿಯದಿದ್ದರೆ ಈ ಕುರ್ಚಿಯಿಂದ ನೀನು ಇಳಿ" ಎಂದರು.

ಮೊದಲ ವಾರ ಎಲ್ಲರೂ ಇಳಿದರು. ಎರಡನೆಯ ವಾರದಿಂದ ಏರತೊಡಗಿದರು.

ತೂಕದವನಿಗೆ ದಿಕ್ಕೇ ತೋಚಲಿಲ್ಲ. ಸ್ವಾಮಿನಿಷ್ಠೆಯಿಂದ ತಾನೂ ಪಿಷ್ಟ ಬಿಟ್ಟಿದ್ದ. ಕಾಲಲ್ಲಿ ಬಲವಿಲ್ಲದೆ, ಗೇಟಿನ ಹೊರಗೆ ರಸ್ತೆ ರಿಪೇರಿಗೆಂದು ಸುರಿದಿದ್ದ ದಪ್ಪ ಜಲ್ಲಿಯ ಮೇಲೆ ಎರಡು ಸಲ ಮುಗ್ಗರಿಸಿದ್ದ. ಇವರೋ ಹೊಟ್ಟೆಗೆ ತಣ್ಣೀರುಬಟ್ಟೆ ಕಟ್ಟಿಕೊಂಡೇ ಊದುತ್ತಿದ್ದಾರೆ. ಒಲೆ ನೋಡಿಕೊಳ್ಳುವ, ಹಿಂದೆಮುಂದೆ ಯಾರೂ ಇಲ್ಲದ ಒಂಟಿ ಆಳು ಅರ್ಧ ಕಿಲೋ ಕೂಡ ಏರಿಲ್ಲ, ನಾಲ್ಕು ಮೊಮ್ಮಕ್ಕಳನ್ನು ಸಾಕುವ ಹಿಟ್ಟಕ್ಕ ಎಲ್ಲರಿಗಿಂತ ಮೇಲೆ. ಕಳ್ಳತನವೆನ್ನೋಣವೆಂದರೆ ಬೆಳಗಿನದೂ ಸಂಜೆಯದೂ ಒಂದೇ ತೂಕ.

ಒಳಗೆ ಹೋಗಿ ಹೊಂಚು ಹಾಕಿದ. ಯಾರೂ ಒಂದು ಚೂರು ಬಾಯಿಗೆ ಹಾಕಲಿಲ್ಲ. ಮನೆಯಿಂದ ಒಗೆದು ತಂದ ದಪ್ಪ ಏಪ್ರನ್ನು ಕಟ್ಟಿಕೊಂಡು ಹಿಟ್ಟಕ್ಕ ಬೆಂದ ಬ್ರೆಡ್ಡುಗಳನ್ನು ಅಂಗೈಮೇಲಿಟ್ಟು ನೋಡುತ್ತಿದ್ದಳು. "ಇದು ಹತ್ತು ಗ್ರಾಂ ಕಡಿಮೆ" ಎಂದಳು. ತೂಗಿದರೆ ನಾನೂರಕ್ಕೆ ಹತ್ತೇ ಗ್ರಾಂ ಕಡಿಮೆ.

"ನನ್ನ ಕೆಲಸ ತೆಗೆಯೋ ಕೈ ನಿಂದು" ಎಂದ ತೂಕದವನು.

"ಈಚೆಗೆ ಸೀದು ಹಾಳಾಗೋ ಬ್ರೆಡ್ಡೇ ಜಾಸ್ತಿ" ಎಂದು ಮೇಸ್ತ್ರಿ ಗೊಣಗಿದ.

"ಹಸಿದವರ ಕೈಲಿ ಒಲೆ ಕೊಟ್ಟರೆ ಇನ್ನೇನಾಗುತ್ತೆ ಮೇಸ್ತ್ರಿ?" ಎಂದಳು ಅವಳು.

ತೂಕದವನು ಹಿತ್ತಿಲ ಪಾಯಖಾನೆಯವರೆಗೂ ಹೋಗಿ ಹುಡುಕಿದ. ಬ್ರೆಡ್ಡಿನ ಒಂದು ಚೂರೂ ಸಿಗಲಿಲ್ಲ. ಬೂಟಿಗೆ ಕೆಸರಾಗಲಿಲ್ಲ ಎಂಬುದೊಂದೇ ಸಮಾಧಾನ.

ನೂರನೆಯ ದಿನ ಬಂತು. ಮಾಲೀಕರು ಸಾಲಾಗಿ ಕೂತರು. ನಲವತ್ತು ಜನ ತಕ್ಕಡಿ ಹತ್ತಿದರು, ನಲವತ್ತು ಸಲ ಮುಳ್ಳು ಮೇಲೆ ಹೋಯಿತು. ಧಣಿಗಳ ಮುಖ ಹುಳ್ಳಗಾಯಿತು. ತೂಕದವನು ಕುರ್ಚಿಯಿಂದ ಎದ್ದೇ ನಿಂತ.

"ಒಂದು ಮಾತು ಧಣೀ" ಎಂದಳು ಹಿಟ್ಟಕ್ಕ. "ದೊಡ್ಡವರ ಮೈ ಬ್ರೆಡ್ಡು ಬಿಟ್ಟರೆ ಇಳಿಯುತ್ತೆ. ನಮ್ಮದು ಬಡ ಮೈ, ತಿಂದರೇ ಇಳಿಯೋದೋ ಏನೋ. ಕೊಟ್ಟು ನೋಡಿ. ಇಳಿಯದಿದ್ದರೆ ಮತ್ತೆ ಕೇಳೋದಿಲ್ಲ."

ಮಾಲೀಕರು ತಲೆದೂಗಿದರು. ಬಡವರ ಮೈಯೇ ಬೇರೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು.

ತಲೆಗೊಂದು ಬ್ರೆಡ್ಡು ಮತ್ತೆ ಬಂತು. ಮರುದಿನವೇ ನಲವತ್ತೂ ಜನ ಇಳಿದರು! ಧಣಿಗಳು ಹಿಗ್ಗಿ ಎರಡು ಕೊಡಿಸಿದರು, ಇನ್ನಷ್ಟು ಇಳಿದರು. ಮಕ್ಕಳೊಂದಿಗರಿಗೆ ನಾಲ್ಕಾಯಿತು. ಹಿಟ್ಟಕ್ಕ ಹಳೆಯ ಹಿಟ್ಟಕ್ಕನಾದಳು. ಧಣಿಗಳು ತಾವೂ ದಿನಕ್ಕೆ ನಾಲ್ಕು ತಿಂದು ನೋಡಿದರು. ಅಂಗಿಯ ಗುಂಡಿ ಹಾರಿತು. ಆದರೂ ಸಿದ್ಧಾಂತ ಬಿಡಲಿಲ್ಲ. ತೂಕದವನ ಕುರ್ಚಿ ಉಳಿಯಿತು.

ಒಂದು ಮಧ್ಯಾಹ್ನ ರಸ್ತೆಯ ಕಂಟ್ರಾಕ್ಟರು ಗೇಟಿಗೆ ಬಂದು ಕೂಗಾಡಿದ. ಅರ್ಧ ಲಾರಿ ಜಲ್ಲಿ ಮಾಯವಾಗಿತ್ತು.

"ನಮ್ಮಲ್ಲಿ ಅದೆಲ್ಲ ನಡೆಯಲ್ಲ ಸ್ವಾಮಿ. ಒಳಗೆ ಬರೋರನ್ನೂ ತೂಗ್ತೀವಿ, ಹೊರಗೆ ಹೋಗೋರನ್ನೂ ತೂಗ್ತೀವಿ" ಎಂದು ತೂಕದವನು ಎದೆಯುಬ್ಬಿಸಿ ಅವನನ್ನು ಸಾಗಹಾಕಿದ. ಆಮೇಲೆ ಹಿತ್ತಿಲಿಗೆ ಹೊರಟವನು ನಡುದಾರಿಯಲ್ಲಿ ನಿಂತುಬಿಟ್ಟ. ಕೆಸರಿದ್ದಲ್ಲಿ ಮೂರಡಿ ಅಗಲಕ್ಕೆ, ಪಾಯಖಾನೆಯವರೆಗೂ, ಒಪ್ಪವಾಗಿ ಜಲ್ಲಿ ಹಾಸಿತ್ತು.

ಬಗ್ಗಿ ಒಂದು ಕಲ್ಲೆತ್ತಿಕೊಂಡು ಹೋಗಿ ಬ್ರೆಡ್ಡು ತೂಗುವ ತಕ್ಕಡಿಯ ಮೇಲಿಟ್ಟ. ನಾನೂರು ಗ್ರಾಂ. ಇನ್ನೊಂದು ತಂದಿಟ್ಟ. ನಾನೂರು ಗ್ರಾಂ.