ಹಳದಿ ಗೆರೆ

ಹಳದಿ ಬಣ್ಣ ಬೆರಳಿಗೆ ಅಂಟಿತು.

ಪರೀಕ್ಷಕಿ ಬೆರಳನ್ನು ದೀಪಕ್ಕೆ ಹಿಡಿದು ನೋಡಿದಳು. ನಿನ್ನೆ ಮಧ್ಯಾಹ್ನ ತಾನೇ ಎಳೆದ ಗೆರೆ. ಇಷ್ಟು ಹೊತ್ತಿಗೆ ಒಣಗಿ ಗಟ್ಟಿಯಾಗಿರಬೇಕಿತ್ತು. ಇಂಜಿನ್ನಿನ ಅಡಿಗೆ ಬಗ್ಗಿ ಉಳಿದ ಬೋಲ್ಟುಗಳನ್ನೂ ಮುಟ್ಟಿದಳು. ಎಂಟರಲ್ಲಿ ನಾಲ್ಕು ಹಸಿ.

ಸರ್ಕಾರದ ಆ ಕಾರ್ಖಾನೆಯಿಂದ ಹೊರಬೀಳುವ ಪ್ರತಿ ವಿದ್ಯುತ್ ರೈಲು ಇಂಜಿನ್ನಿಗೂ ಅವಳ ಗೆರೆ ಬೇಕು. ಫಿಟ್ಟರು ಬಿಗಿದ ಬೋಲ್ಟನ್ನು ಅವಳು ಬಿಗಿ ಅಳೆಯುವ ತನ್ನ ಟಾರ್ಕ್ ಸ್ಪ್ಯಾನರಿನಿಂದ ಮತ್ತೊಮ್ಮೆ ಎಳೆಯುತ್ತಾಳೆ. ಬಿಗಿ ಸರಿಯಾದರೆ ಸ್ಪ್ಯಾನರ್ ‘ಟಕ್’ ಎನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು; ಮತ್ತೆ ಎಳೆದರೆ ಮತ್ತೆ ಟಕ್ ಎನ್ನುತ್ತದೆ, ಬಿಗಿ ಮಾತ್ರ ಮಿತಿ ಮೀರುತ್ತದೆ. ಕಡಿಮೆಯಾದರೆ ಬೋಲ್ಟು ಸಡಿಲ; ಹೆಚ್ಚಾದರೆ ಕುತ್ತಿಗೆ ಸಣಕಲಾಗಿ ಎಂದೋ ಒಂದು ದಿನ ಓಟದಲ್ಲೇ ತುಂಡಾಗುತ್ತದೆ. ಟಕ್ ಎಂದ ಮೇಲೆ ಬೋಲ್ಟಿನ ತಲೆಯಿಂದ ಚೌಕಟ್ಟಿನವರೆಗೆ ಒಂದು ಹಳದಿ ಗೆರೆ. ಆ ಗೆರೆಯನ್ನು ಬೇರೆ ಯಾರೂ ಎಳೆಯುವಂತಿಲ್ಲ.

ಯಾರೋ ಎಳೆದಿದ್ದರು.

ಮೋಟಾರನ್ನು ಹಿಡಿದಿಡುವ ಬೋಲ್ಟುಗಳು ಅವು. ಓಡುವಾಗ ಕಳಚಿದರೆ ಹಿಂದಿನ ಬೋಗಿಗಳಲ್ಲಿ ಕೂತ ಸಾವಿರ ಜನರ ಗತಿ ಏನು? ಇಂಜಿನ್ನು ಸಂಜೆ ನಾಲ್ಕಕ್ಕೆ ಹೊರಡುವುದಿತ್ತು. ಇದೇ ವಾರ ಮುಖ್ಯ ಪರೀಕ್ಷಕರ ಹುದ್ದೆಯ ಪಟ್ಟಿ ಬೇರೆ. ಅದರಲ್ಲಿ ಮೊದಲ ಹೆಸರು ಅವಳದೇ. ಯಾರಿಗೋ ಹೊಟ್ಟೆಕಿಚ್ಚು.

ಕೆಲವು ತಿಂಗಳಿಂದ ಷೆಡ್ಡಿನ ಗಾಳಿಯೇ ಸರಿಯಿರಲಿಲ್ಲ. ಅವಳು ಹತ್ತಿರ ಹೋದರೆ ಜನ ದನಿ ತಗ್ಗಿಸುತ್ತಿದ್ದರು. ತುಟಿ ಆಡುತ್ತಿದ್ದವು, ಮಾತು ಹೊರಬೀಳುತ್ತಿರಲಿಲ್ಲ. ಹೋದ ವಾರ ಕ್ರೇನಿನವನು ಗಂಟೆ ಬಾರಿಸದೆಯೇ ಚಕ್ರದ ಜೋಡಿಯನ್ನು ಅವಳ ತಲೆಯ ಮೇಲೆ ತಂದಿದ್ದ. ಕೂದಲೆಳೆಯಲ್ಲಿ ಪಾರಾದಳು. ಮೇಲಾಗಿ ಅವನೇ ಕೆಳಗಿಳಿದು ಅವಳ ಮೇಲೆ ರೇಗಿದ. ಫಿಟ್ಟರುಗಳೂ ಮೈಗಳ್ಳರಾಗಿದ್ದರು. ಒಂದೇ ಎಳೆತಕ್ಕೆ ಟಕ್ ಎನ್ನುತ್ತಿದ್ದ ಬೋಲ್ಟುಗಳು ಈಗ ಮೂರು ನಾಲ್ಕು ಎಳೆತ ಬೇಡುತ್ತಿದ್ದವು. ಮನೆಯಲ್ಲಿ ಹೇಳಿಕೊಳ್ಳೋಣವೆಂದರೆ ಗಂಡನೂ ಅಷ್ಟೆ, ಬಾಯೊಳಗೇ ಗೊಣಗುತ್ತಾನೆ.

ಊಟದ ಹೊತ್ತಿಗೆ ಷೆಡ್ಡು ಖಾಲಿಯಾಯಿತು. ಅವಳು ಪಕ್ಕದ ಇಂಜಿನ್ನಿನ ಮರೆಯಲ್ಲಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು.

ಬಂದವರು ಮೇಷ್ಟ್ರು.

ಹಿರಿಯ ಫಿಟ್ಟರ್ ಅವರು. ಷೆಡ್ಡಿನ ಅರ್ಧ ಜನಕ್ಕೆ ಕೆಲಸ ಕಲಿಸಿದ್ದರಿಂದ ಆ ಅಡ್ಡಹೆಸರು. ಇಪ್ಪತ್ತು ವರ್ಷದ ಹಿಂದೆ ಅವಳ ಕೈಗೆ ಮೊದಲ ಸ್ಪ್ಯಾನರ್ ಕೊಟ್ಟವರೂ ಅವರೇ. ನಿವೃತ್ತಿಗೆ ಎರಡೇ ತಿಂಗಳು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಮೇಷ್ಟ್ರು ಅತ್ತಿತ್ತ ನೋಡಿ ಇಂಜಿನ್ನಿನ ಅಡಿಗೆ ನುಸುಳಿದರು. ಐದನೆಯ ಬೋಲ್ಟನ್ನು ಬಿಚ್ಚಿ ಊಟದ ಡಬ್ಬಿಗೆ ಹಾಕಿದರು. ಜೇಬಿನಿಂದ ಬೇರೊಂದು ತೆಗೆದು ಕೂರಿಸಿ, ತಮ್ಮ ಸ್ಪ್ಯಾನರಿನಿಂದ ಎಳೆದು, ಕೈಬಿಟ್ಟರು. ಹತ್ತೇ ಹೆಜ್ಜೆ ದೂರ. ಟಕ್ ಎನ್ನಲಿಲ್ಲ. ಅರ್ಧಕ್ಕೇ ನಿಲ್ಲಿಸಿ, ಅದರ ಮೇಲೆ ಹಳದಿ ಗೆರೆ ಬೇರೆ ಎಳೆದರು. ಉಳಿದ ಮೂರನ್ನೂ ಹಾಗೆಯೇ.

“ಡಬ್ಬಿ ಕೊಡಿ ಇಲ್ಲಿ,” ಎಂದು ಅವಳು ಎದುರಿಗೆ ಬಂದು ನಿಂತಳು.

ಮೇಷ್ಟ್ರು ಡಬ್ಬಿಯನ್ನು ಎದೆಗೆ ಅವುಚಿಕೊಂಡರು. “ಮೇಡಂ, ಇದನ್ನ ದೊಡ್ಡದು ಮಾಡ್ಬೇಡಿ. ಆನೆಯಂಥದೂ ಮುಗ್ಗರಿಸುತ್ತೆ.”

“ಮುಗ್ಗರಿಸೋದು ಬೇರೆ, ಬೇಕು ಅಂತ ಸಡಿಲ ಬಿಡೋದು ಬೇರೆ.”

“ನಿಮ್ಮ ಹತ್ರ ಹೇಳ್ಬೇಕು ಅಂತ ಎಷ್ಟೋ ಸಲ ಬಂದೆ. ಬಾಯಿ ಬರ್ಲಿಲ್ಲ.”

“ಮ್ಯಾನೇಜರ್ ಮುಂದೆ ಬರುತ್ತೆ, ನಡೀರಿ.”

ಉಪಕರಣಗಳನ್ನು ಪರೀಕ್ಷಿಸುವ ಕೋಣೆಗೆ ಮ್ಯಾನೇಜರನ್ನು ಕರೆಸಿದಳು. ದಪ್ಪ ಗೋಡೆಯ ಕೋಣೆ. ಬಾಗಿಲು ಹಾಕಿದರೆ ಹೊರಗಿನ ಸುತ್ತಿಗೆ ಏಟೂ ಒಳಗೆ ಬಾರದು. ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಮೊದಲೇ ತೆಗೆದಿದ್ದ ನಾಲ್ಕೂ ಸೇರಿ ಎಂಟು ಬೋಲ್ಟುಗಳು ಉರುಳಿದವು. ಒಂದೊಂದರ ಕುತ್ತಿಗೆಯೂ ಸಣಕಲು.

“ನೋಡಿ ಸಾರ್. ನನ್ನ ಬೋಲ್ಟು ತೆಗೆದು, ಹಾಳು ಮಾಡಿ, ಬೇರೆ ಹಾಕಿದ್ದಾರೆ. ಅದನ್ನೂ ಸಡಿಲ ಬಿಟ್ಟಿದ್ದಾರೆ. ನಾನು ಕಣ್ಣಾರೆ ಕಂಡಿದ್ದು. ಅವರ ಸ್ಪ್ಯಾನರ್ ಪರೀಕ್ಷೆ ಮಾಡಿಸಿ.”

ಮ್ಯಾನೇಜರು ಮೇಷ್ಟ್ರ ಸ್ಪ್ಯಾನರನ್ನು ಅಳತೆಯ ಯಂತ್ರಕ್ಕೆ ಹಾಕಿಸಿದರು. ಮುಳ್ಳು ಸರಿಯಾದ ಜಾಗಕ್ಕೇ ಬಂದು ನಿಂತಿತು.

“ನಲವತ್ತು ವರ್ಷ ದುಡಿದಿದ್ದೀರಿ, ಮೇಷ್ಟ್ರೇ. ನಾನು ಇವತ್ತು ನಿಮ್ಮನ್ನ ಮನೆಗೆ ಕಳಿಸ್ಬೇಕಾಗುತ್ತೆ. ಏನಾದ್ರೂ ಹೇಳಿ,” ಎಂದರು ಮ್ಯಾನೇಜರು.

ಮೇಷ್ಟ್ರು ಮೇಜಿನ ಮೇಲಿನ ಬೋಲ್ಟೊಂದನ್ನು ಎತ್ತಿಕೊಂಡರು. “ಕಳಿಸಿ ಸಾರ್. ಆದ್ರೆ ನಾನು ಹೋದ್ಮೇಲೆ ಇಂಜಿನ್ನುಗಳಿಗೆ ಯಾರು ದಿಕ್ಕು? ಮೇಡಂ ಸ್ಪ್ಯಾನರನ್ನೂ ಒಂದ್ಸಲ ನೋಡಿಬಿಡಿ. ಅವರೇ ಎಳೀಲಿ,” ಎಂದರು.

ಅವಳಿಗೆ ನಗು ಬಂತು. ಅಳತೆಯ ಯಂತ್ರ ತೋರಿಸಿದ್ದು ಅವಳ ಸ್ಪ್ಯಾನರೂ ಸರಿ ಎಂದೇ. ಅವಳು ಮೇಜಿನ ಇಕ್ಕಳಕ್ಕೆ ಹೊಸ ಬೋಲ್ಟು ಕಚ್ಚಿಸಿ, ದಪ್ಪ ಕೈಗವಸು ಹಾಕಿಕೊಂಡು, ಉದ್ದ ಹಿಡಿಯನ್ನು ಎಳೆದಳು. ಇನ್ನೊಮ್ಮೆ ಎಳೆದಳು. ಮತ್ತೊಮ್ಮೆ, ಮೈಭಾರವನ್ನೆಲ್ಲ ಹಾಕಿ.

ಮೇಷ್ಟ್ರು ಬಂದು ಅವಳ ಕೈಯ ಮೇಲೆ ಕೈಯಿಟ್ಟರು. ಅವರ ಕಣ್ಣು ತುಂಬಿತ್ತು. “ಸಾಕು ಮಗಳೇ.”

“ಯಾಕೆ ಸಾಕು? ಇನ್ನೂ ಟಕ್ ಅಂದೇ ಇಲ್ವಲ್ಲ,” ಎಂದು ಅವಳು ಮ್ಯಾನೇಜರ ಕಡೆ ತಿರುಗಿದಳು.

ಮ್ಯಾನೇಜರು ತಮ್ಮ ಕಿವಿ ಮುಟ್ಟಿ, ಮೂರು ಬೆರಳು ಎತ್ತಿ ತೋರಿಸಿದರು.