ಕೌದಿ ಹೊದ್ದ ಜೀಪು

ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಈಗಲೂ ಕನ್ನೊಳ್ಳಿಯ ನಮ್ಮ ಅಂಗಳದ ಆ ಮಧ್ಯಾಹ್ನ ನೆನಪಾಗುತ್ತದೆ.

ಹಿಂಗಾರಿ ಜೋಳ ಬಿತ್ತುವ ಹದ ಬಂದಿತ್ತು. ನಮ್ಮ ಟ್ರ್ಯಾಕ್ಟರ್ ಮಾತ್ರ ಕರಿ ಹೊಗೆ ಉಗುಳುತ್ತ ಕೆಮ್ಮುತ್ತಿತ್ತು. ಸಿಂದಗಿಯಿಂದ ಬಂದ ಮೆಕ್ಯಾನಿಕ್ ಬಿಚ್ಚಿ ನೋಡಿ, "ಇಂಜಿನ್ನಿಗೆ ಡೀಸೆಲ್ ಚಿಮ್ಮಸೂ ಇಂಜೆಕ್ಟರ್ ಸವದಾವ್ರಿ ಅಕ್ಕಾರ. ಹೊಸಾವು ಬರೂದು ತಡಾ ಆಗ್ತೈತಿ" ಎಂದ.

ಅವ್ವ ಬೇವಿನ ಗಿಡದ ಕೆಳಗಿದ್ದ ಅಪ್ಪನ ಜೀಪಿನತ್ತ ನೋಡಿದಳು. ಅಪ್ಪ ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಅಜ್ಜಿ ತಾನೇ ಹೊಲಿದ ಕೌದಿಯನ್ನು ಅದರ ಬಾನೆಟ್ಟಿಗೆ ಹೊದಿಸಿದ್ದಳು.

"ಅದರಾವು ಇದಕ್ಕ ಕೂಡ್ತಾವೇನು?" ಅವ್ವ ಕೇಳಿದಳು.

"ಎರಡೂ ಒಂದಽ ನಮೂನಿ ಇಂಜಿನ್ರಿ. ಕೂಡ್ತಾವ."

"ನನ್ನ ಮಗನ ಗಾಡಿ ಬಿಚ್ಚಬ್ಯಾಡ." ಅಜ್ಜಿ ಕಟ್ಟೆಯ ಮೇಲಿಂದಲೇ ಹೇಳಿದಳು.

"ಅತ್ತಿ, ಅದು ಇನ್ನ ಹೊಳ್ಳಿ ಓಡಂಗಿಲ್ಲ. ಮಣ್ಣಿನ ಹಸಿ ಆರಿದ್ರ ಹೊಲಾ ನಮಗ ಕಾಯಂಗಿಲ್ಲ."

ಅವ್ವ ಕೌದಿಯನ್ನು ಮಡಚಿ ಅಜ್ಜಿಯ ತೊಡೆಯ ಮೇಲಿಟ್ಟಳು. ಅಜ್ಜಿ ಗೋಡೆಗೆ ಮುಖ ಮಾಡಿ ಕೂತಳು.

ಮೆಕ್ಯಾನಿಕ್ ಜೀಪಿನ ಇಂಜೆಕ್ಟರುಗಳನ್ನು ತೆಗೆದು, ತೊಳೆದು, ಪೈಪಿಗೆ ಸಿಕ್ಕಿಸಿ ಪರೀಕ್ಷಿಸಿದಾಗ ಡೀಸೆಲ್ ತೆಳು ಮಂಜಿನಂತೆ ಚಿಮ್ಮಿತು. ಅಂಗಳವೆಲ್ಲ ಅದೇ ವಾಸನೆ. ಬಿಸಿಲು ಇಳಿಯುವ ಮೊದಲೇ ಅವು ಟ್ರ್ಯಾಕ್ಟರಿನಲ್ಲಿ ಕೂತವು. ಕೀಲಿ ತಿರುವಿದ್ದೇ ತಡ, ಅದು ಕೆಮ್ಮದೆ ಚಾಲೂ ಆಯಿತು.

ಆ ಸದ್ದಿಗೆ ಅಜ್ಜಿ ಈ ಕಡೆ ತಿರುಗಿದಳು.

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಟ್ರ್ಯಾಕ್ಟರ್ ಏರಹೋದಳು. ಅಷ್ಟರಲ್ಲಿ ಅಜ್ಜಿ ಎದ್ದು ಬಂದು, ಕೌದಿಯನ್ನು ಸೀಟಿನ ಮೇಲೆ ಹಾಸಿ, ಸುಕ್ಕು ಹೋಗುವಂತೆ ಅಂಗೈಯಿಂದ ಸವರಿದಳು.

"ತಗಡಿನ ಸೀಟು ಸುಡ್ತೈತಿ. ಇದರ ಮ್ಯಾಲ ಕೂಡು" ಎಂದಳು.